ನನ್ನ ಸರದಿಯ ಐತವಾರ

ಅಕ್ಕನ ಐತವಾರಗಳನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತಿತ್ತು. ಅವಳ ಸರ್ಕಾರಿ ನೌಕರಿ ಕಂಡಲ್ಲ, ಲಿಂಗಸುಗೂರಿನಲ್ಲಿ ಅವಳು ಮಾಡಿಕೊಂಡ ಮನೆ ಕಂಡೂ ಅಲ್ಲ. ಬರೀ ಐತವಾರ ಕಂಡು. ಆ ದಿನ ನನ್ನ ಮಗಳು ಅವಳ ಹತ್ತಿರ ಇರುತ್ತಿದ್ದಳು.

ನಾನು ಸಿಂಧನೂರಿನ ಒಂದು ಬಟ್ಟೆ ಅಂಗಡಿಯಲ್ಲಿ ಸೀರೆ ತೋರಿಸುವವಳು. ಊರಿಗೆಲ್ಲ ರಜೆಯಾದ ಐತವಾರವೇ ನಮಗೆ ಮೈಮುರಿದು ದುಡಿಯುವ ದಿನ. ಬಳಗಾನೂರಿನ ಕಡೆಯವರು ಮದುವೆ ಜವಳಿಗೆಂದು ಹತ್ತು ಹನ್ನೆರಡು ಮಂದಿ ಒಂದೇ ಗಾಡಿಯಲ್ಲಿ ಬಂದಿಳಿಯುತ್ತಾರೆ. ಗಾದಿಯ ಮೇಲೆ ಕುಳಿತು ನಲವತ್ತು ಸೀರೆ ಬಿಚ್ಚಿಸಿ, ಮೊದಲು ತೋರಿಸಿದ್ದನ್ನೇ ಒಯ್ಯುತ್ತಾರೆ. ಉಳಿದವನ್ನು ಮಡಚುವವರು ನಾವು. ಅಂಗಡಿಗೆ ರಜೆಯೇ ಇಲ್ಲ, ಕೆಲಸದವರಿಗೆ ವಾರದಲ್ಲಿ ಒಬ್ಬೊಬ್ಬರಿಗೆ ಒಂದೊಂದು ದಿನ. ನನಗೆ ಸೋಮವಾರ ಬಂದಿತ್ತು. ಸೋಮವಾರ ಮಗಳಿಗೆ ಸಾಲೆ. ಉಳಿದ ದಿನ ನಾನು ಮನೆ ಮುಟ್ಟುವಷ್ಟರಲ್ಲಿ ಅವಳು ಪಕ್ಕದ ಮನೆಯ ಟಿವಿ ಮುಂದೆ ನಿದ್ದೆ ಹೋಗಿರುತ್ತಿದ್ದಳು. ಗಂಡ ತೀರಿಕೊಂಡ ಮೇಲೆ ಮನೆಯಲ್ಲಿ ನಾವಿಬ್ಬರೇ.

ಹೀಗಾಗಿ ಶನಿವಾರ ಸಾಲೆ ಬಿಟ್ಟ ಕೂಡಲೇ ಪಕ್ಕದ ಮನೆಯಾಕೆ ಅವಳನ್ನು ಲಿಂಗಸುಗೂರಿನ ಬಸ್ಸು ಹತ್ತಿಸುತ್ತಿದ್ದಳು. ಆ ಕಡೆ ಅಕ್ಕ ಕಾದು ನಿಂತಿರುತ್ತಿದ್ದಳು. ಅವಳಿಗೆ ಮಕ್ಕಳಿಲ್ಲ. ಐತವಾರ ಸಂಜೆ ತಿರುಗಿ ಬಂದ ಮಗಳನ್ನು ಸೋಮವಾರ ಮುಂಜಾನೆ ನೋಡಿದರೆ ತಲೆಯಲ್ಲಿ ಹೊಸ ನಮೂನೆಯ ಜಡೆ, ಬಾಯಲ್ಲಿ ವಿಹಾರದಲ್ಲಿ ಕಲಿತ ಬುದ್ಧ ವಂದನೆ, ಮಾತು ಮಾತಿಗೆ "ದೊಡ್ಡವ್ವ ಹಿಂಗಂದ್ಳು". ವಂದನೆ ನನಗೂ ಬರುತ್ತದೆ. ಅದನ್ನು ಕಲಿಸಬೇಕಾದವಳು ನಾನು.

ಒಂದು ದಿನ ಕಾರ್ಮಿಕ ಇಲಾಖೆಯ ಅಧಿಕಾರಿಯೊಬ್ಬರು ಅಂಗಡಿಗೆ ಬಂದು ರಜೆಯ ರಿಜಿಸ್ಟರ್ ನೋಡಿದರು. ನನಗೆ ಬಾಯಿ ತಡೆಯಲಿಲ್ಲ. ಮಾಲಕರ ಎದುರಿಗೇ ಕೇಳಿದೆ, "ಸರ, ನಮಗ ಐತಾರ ರಜಾ ಇಲ್ಲೇನ್ರಿ?"

"ಕಾನೂನಿನ್ಯಾಗ ವಾರಕ್ಕೊಂದು ದಿನ ಅಂತ ಐತವ್ವಾ. ಐತಾರನ ಕೊಡಬೇಕಂತ ಇಲ್ಲ" ಅಂದು ಅವರು ರಿಜಿಸ್ಟರ್ ಮುಚ್ಚಿದರು. ಕಾನೂನಿಗೆ ಏಳು ದಿನವೂ ಒಂದೇ. ಕಾನೂನಿಗೆಲ್ಲಿ ಸಾಲೆಗೆ ಹೋಗುವ ಮಗಳಿದ್ದಾಳೆ!

ಅವರು ಹೋದ ಮೇಲೆ ನಾನು ಮಾಲಕರ ಮುಂದೆ ಸೆರಗು ಹಿಡಿದು ನಿಂತೆ. "ತಿಂಗಳಿಗೊಂದು ಐತಾರನಾದ್ರೂ ಕೊಡ್ರಿ" ಅಂದೆ. ಅವರು ಗಲ್ಲಾಪೆಟ್ಟಿಗೆಯಿಂದ ತಲೆ ಎತ್ತದೆ "ನೋಡೋಣಂತ" ಅಂದರು. ಅದು ಅವರ ಕಾಯಂ ಮಾತು. ಆಗೋದಿಲ್ಲ ಅಂದರೆ ಬೈದುಕೊಂಡು ಸುಮ್ಮನಾಗಬಹುದು. "ನೋಡೋಣಂತ" ಅಂದರೆ ಕಾಯಬೇಕು. ಎರಡು ತಿಂಗಳು ಕಾಯಿಸಿ, ನಮ್ಮ ನಾಲ್ವರು ಹೆಂಗಸರಿಗೆ ಸರದಿಯಂತೆ ತಿಂಗಳಿಗೊಂದು ಐತವಾರ ಕೊಟ್ಟರು. ನನ್ನ ಸರದಿ ಕೊನೆಗೆ. ಮೊದಲ ಮೂವರನ್ನು ಕಂಡೂ ಹೊಟ್ಟೆ ಉರಿಯಿತೆಂದು ಬೇರೆ ಹೇಳಬೇಕಿಲ್ಲ.

ನನ್ನ ಐತವಾರದ ಹಿಂದಿನ ದಿನ, ಸಾಲೆಗೆ ಹೊರಡುವ ಮೊದಲೇ, ಮಗಳು ಚೀಲ ತುಂಬಿಟ್ಟಿದ್ದಳು. "ನಾಳೆ ನಾ ಮನ್ಯಾಗ ಇರ್ತೀನಿ ಬೇ" ಅಂದೆ. "ಮತ್ತ ದೊಡ್ಡವ್ವ?" ಅಂದಳು. ನಾನು ಹೊರಗೆ ಹೋಗಿ ಅಕ್ಕನಿಗೆ ಫೋನು ಹಚ್ಚಿ, "ಆಕಿಗೆ ಜ್ವರ ಬಂದಾವ, ಈ ವಾರ ಬರಂಗಿಲ್ಲ" ಅಂದೆ. ನಿಜ ಹೇಳಿದ್ದರೆ ಅವಳು ಇಬ್ಬರನ್ನೂ ಕರೆಯುತ್ತಿದ್ದಳು. ನನಗೆ ಮಗಳು ಪೂರಾ ಬೇಕಾಗಿತ್ತು, ಪಾಲಿನಲ್ಲಲ್ಲ.

ಐತವಾರ ಮುಂಜಾನೆ ಎಣ್ಣೆ ಹಚ್ಚಿ ಜಡೆ ಹಾಕಲು ಕುಳಿತೆ. "ದೊಡ್ಡವ್ವ ಹಿಂಗ ಜಗ್ಗಂಗಿಲ್ಲ" ಅಂದಳು. ನಾನು ಇನ್ನಷ್ಟು ಜಗ್ಗಿದೆ. ಆಮೇಲೆ ಅವಳು ಬಾಗಿಲಲ್ಲಿ, ನಾನು ಒಲೆಯ ಹತ್ತಿರ ಕುಳಿತೆವು. ಇಡೀ ದಿನ ಒಟ್ಟಿಗೆ ಇರುವುದು ನಮಗಿಬ್ಬರಿಗೂ ರೂಢಿ ತಪ್ಪಿತ್ತು.

ಹನ್ನೊಂದರ ಸುಮಾರಿಗೆ ಬಾಗಿಲಲ್ಲಿ ಅಕ್ಕ. ಮಸ್ಕಿಯಲ್ಲಿ ಬಸ್ಸು ಬದಲಿಸಿ, ಅಲ್ಲಿಂದ ನಿಂತೇ ಬಂದಿದ್ದಳು. ಒಂದು ಕೈಯಲ್ಲಿ ಮೋಸಂಬಿ, ಇನ್ನೊಂದರಲ್ಲಿ ಗುಳಿಗೆ. ಚಪ್ಪಲಿ ಬಿಟ್ಟವಳೇ ಮಗಳ ಹಣೆ ಮುಟ್ಟಿ ನೋಡಿದಳು.

"ಜ್ವರ ಎಲ್ಲಿ ಅವ?"

"ನನಗ್ಯಾಕ ಜ್ವರ ದೊಡ್ಡವ್ವ? ಅವ್ವಗ ಇವತ್ತು ರಜಾ!"

ನನಗೆ ನೆಲ ಬಾಯಿಬಿಡಬಾರದೇ ಅನಿಸಿತು. ಅಕ್ಕ ಮಗಳನ್ನು ಮುಂದೆ ಕೂರಿಸಿಕೊಂಡಳು. ನಾನು ಹಾಕಿದ ಜಡೆ ಬಿಚ್ಚಿ ಮತ್ತೆ ಹೆಣೆಯತೊಡಗಿದಳು. ನಾನು ಒಳಗೆ ರೊಟ್ಟಿ ಬಡಿಯುತ್ತಿದ್ದೆ, ಹೊರಗೆ ಅವರಿಬ್ಬರೂ ನಗುತ್ತಿದ್ದರು. ನಾಚಿಕೆ ಒಂದು ಕಡೆ ಇರಲಿ, ಹಾಳು ಹೊಟ್ಟೆಕಿಚ್ಚು ಆಗಲೂ ಆರಲಿಲ್ಲ.

ಉಂಡು ಅಕ್ಕ ನಾಲ್ಕರ ಬಸ್ಸಿಗೆ ಹೊರಟಳು, ಕಳಿಸಲು ನಾನೂ ಮಗಳೂ ಹೋದೆವು. ಬಸ್ ಸ್ಟ್ಯಾಂಡಿನಲ್ಲಿ ಸೆರಗಿನ ತುದಿ ಬೆರಳಿಗೆ ಸುತ್ತಿಕೊಳ್ಳುತ್ತ, ನನ್ನ ಮುಖ ನೋಡದೆ ಕೇಳಿದಳು, "ಮುಂದಿನ ಶನಿವಾರ ಕಳಸ್ತೀ ಅಲ್ಲ?"

ಆ ದನಿ ನನಗೆ ಗೊತ್ತಿತ್ತು. ಗಲ್ಲಾಪೆಟ್ಟಿಗೆಯ ಮುಂದೆ ನಿಂತಾಗ ನನ್ನದೂ ಅದೇ. ನನಗೆ ತಿಂಗಳಿಗೊಂದು ಐತವಾರ ಸಿಕ್ಕಿತ್ತು. ಅವಳಿಗೆ ಐತವಾರಗಳೆಲ್ಲ ಇದ್ದವು, ಆದರೆ ನಾನು ಮಗಳನ್ನು ಕಳಿಸಿದರೆ ಮಾತ್ರ. ಕಳಿಸ್ತೀನಿ ಅಕ್ಕ ಅನ್ನಲೆಂದೇ ಬಾಯಿ ತೆರೆದೆ.

"ನೋಡೋಣಂತ" ಅಂದೆ.

ನಾವು ಮಾಲಕರ ಮುಂದೆ ತಲೆಯಾಡಿಸುವಂತೆಯೇ ಅಕ್ಕ ತಲೆಯಾಡಿಸಿ ಬಸ್ಸು ಹತ್ತಿದಳು. ಮಗಳು ನನ್ನ ಕೈ ಬಿಡಿಸಿಕೊಂಡು, ಬಸ್ಸು ತಿರುಗುವ ತನಕ ಅವಳಿಗೆ ಕೈ ಬೀಸಿದಳು.