ಅರುಳಮ್ಮತ್ತೆಯ ಗಂಟಲು

ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನೀವಾಗಿ ಕಂಡುಹಿಡಿದು ನಗುವುದು ಬೇಡ: ನನಗೆ ಸ್ವಂತದ್ದೊಂದು ಪ್ರಾರ್ಥನೆ ಇಲ್ಲ. ಅದು ಗೊತ್ತಾದದ್ದು ಹೋದ ವಾರ, ಕೊಳ್ಳೇಗಾಲದ ಆಸ್ಪತ್ರೆಯ ಜಗುಲಿಯಲ್ಲಿ. ಒಳಗೆ ಅವ್ವನಿಗೆ ಹೊಟ್ಟೆಯ ಆಪರೇಷನ್. ಹೊರಗೆ ರಸ್ತೆಯಲ್ಲಿ ಹಿಪ್ಪುನೇರಳೆ ಸೊಪ್ಪು ಹೇರಿಕೊಂಡ ಗಾಡಿ ಹೋಯಿತು. ಆ ಹಸಿ ವಾಸನೆ ಮೂಗಿಗೆ ಬಡಿದದ್ದೇ ತಡ, ಅಷ್ಟು ಹೊತ್ತು ಒಣಗಿ ಕೂತಿದ್ದ ಬಾಯಿ ತಾನಾಗಿ ತೆರೆಯಿತು. “ಸ್ತೋತ್ರ ಸ್ವಾಮೀ, ನಿನ್ ಕೈಯ ಇಲ್ಲಿ ವಸಿ ಮಡುಗು” ಎಂದೆ. ಎಂದದ್ದು ನಾನೇ, ದನಿ ಮಾತ್ರ ನನ್ನದಲ್ಲ. ಮೂಗಿನಲ್ಲಿ ಹುಟ್ಟಿ ಕೊನೆಗೆ ಮೇಲಕ್ಕೆ ಎಗರುವ ಮುದುಕಿಯ ದನಿ. ಪಕ್ಕದಲ್ಲಿದ್ದ ಸತ್ತೇಗಾಲದ ಗೌಡರು ಆ ಮುದುಕಿ ಎಲ್ಲಿದ್ದಾಳೆಂದು ಬೆಂಚಿನ ಕೆಳಗೆ ಬಗ್ಗಿ ನೋಡಿದರು.

ಅದು ಅರುಳಮ್ಮತ್ತೆಯ ದನಿ. ನಮ್ಮೂರು ಹನೂರಿನ ಆಚೆ. ಅಲ್ಲಿ ಜನ ತಮಿಳಿನಲ್ಲಿ ಬೈದು ಕನ್ನಡದಲ್ಲಿ ರಾಜಿಯಾಗುತ್ತಾರೆ. ಎಲ್ಲರನ್ನೂ ಅಣಕಿಸುವ ನನ್ನ ಗಂಟಲೊಳಗೆ ಊರಿಗೆ ಊರೇ ವಾಸವಾಗಿತ್ತು: ಚರ್ಚಿನಲ್ಲಿ ಜಪ ನಡೆಸುವ ಚಿನ್ನಪ್ಪ ಉಪದೇಶಿಯ ಕೆಮ್ಮು, ಬಸ್ ಕಂಡಕ್ಟರನ ಗೊಣಗು, ಹುಡುಗಿಯರೆದುರು ತೊದಲುವ ನಾನು. ಆದರೆ ಕಟ್ಟೆಯ ಮೇಲೆ ಹೆಚ್ಚು ಬೇಡಿಕೆ ಇದ್ದದ್ದು ಅರುಳಮ್ಮತ್ತೆಗೆ. ಗಂಡ ತೀರಿಕೊಂಡ ಮೇಲೆ ಒಬ್ಬರೇ ರೇಷ್ಮೆಹುಳು ಸಾಕುತ್ತಿದ್ದ ಆಯಮ್ಮ ಎಲ್ಲಕ್ಕೂ ಸ್ತೋತ್ರ ಹೇಳುವವರು. ಸಾರು ಸೀದರೆ, “ಸ್ತೋತ್ರ ಸ್ವಾಮೀ, ತಳ ಮಾತ್ರ ಸೀದದೆ!” ನಾನು ಇದನ್ನು ಮಾಡಿ ತೋರಿಸಿದಾಗ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವರೂ ಅವರೇ. “ಮೂಗು ಇನ್ನೂ ವಸಿ ಬೇಕು ಕಣ್ಲಾ” ಎಂದು ತಿದ್ದುತ್ತಿದ್ದರು ಬೇರೆ.

ಅವರು ನಗದ ಜಾಗ ಒಂದೇ, ಹುಳುಮನೆ. ಅಲ್ಲಿಗೆ ಹೊರಗಿನವರು ಕಾಲಿಡುವಂತಿಲ್ಲ, ಬೀಡಿ ವಾಸನೆ, ಗಟ್ಟಿ ಮಾತು ಯಾವುದೂ ಕೂಡದು. ಚಿನ್ನಪ್ಪ ಉಪದೇಶಿಯನ್ನೇ ಬಾಗಿಲಲ್ಲಿ ನಿಲ್ಲಿಸಿದ್ದರು. ಹುಳುಗಳು ಸೊಪ್ಪು ಮೇಯುವಾಗ ಜಡಿಮಳೆಯಂತೆ ಸದ್ದು. ಆ ಸದ್ದಿನ ಜೊತೆ ಅವರು ಜಪಸರದ ಮಣಿ ಎಣಿಸುತ್ತ ಪ್ರಾರ್ಥಿಸುವುದು ಗೋಡೆಯಾಚೆ ನನಗೆ ಕೇಳುತ್ತಿತ್ತು. ನಾನು ದನಿ ಕದ್ದದ್ದು ಅಲ್ಲಿಂದಲೇ.

ಕೆಲವು ವರ್ಷಗಳ ಹಿಂದೆ ಅಕ್ಟೋಬರಿನಲ್ಲಿ ಹುಳುಗಳಿಗೆ ಸುಣ್ಣಕಟ್ಟು ರೋಗ ಬಂತು. ಇನ್ನೇನು ಗೂಡು ಕಟ್ಟಬೇಕು ಎನ್ನುವಾಗ ಎಲ್ಲ ಬೆಳ್ಳಗೆ ಬಳಪದ ಚೂರಾಗಿ ಬಿದ್ದವು. ಬೇರೆ ಆದಾಯವಿಲ್ಲದ ಹೆಂಗಸು. ತಾವೇ ಗುಂಡಿ ತೋಡಿ ಮುಚ್ಚಿದರು. ನಮ್ಮಲ್ಲಿ ಆ ತಿಂಗಳು ಮಾತೆ ಮರಿಯಳ ಸ್ವರೂಪ, ಎಂದರೆ ಪ್ರತಿಮೆ, ದಿನಕ್ಕೊಂದು ಮನೆಗೆ ಹೋಗುತ್ತದೆ. ಹೋದ ಮನೆಯಲ್ಲಿ ಊರವರೆಲ್ಲ ಸೇರಿ ಜಪಸರ ಹೇಳುತ್ತೇವೆ, ಹಾಡು ಎತ್ತಿಕೊಡುವುದು ಆ ಮನೆಯವರ ಕೆಲಸ. ಅದೇ ವಾರ ಅರುಳಮ್ಮತ್ತೆಯ ಸರದಿ.

ಉಪದೇಶಿ ನನ್ನನ್ನು ಕರೆದು, “ಪಾಪ, ಆಯಮ್ಮನ್ಗೆ ಈಗ ಯಾಕ್ ತೊಂದ್ರೆ? ಸ್ವರೂಪನ ಮುಂದ್ಲ ಮನೆಗೆ ತಕಂಡೋಗವಾ. ನಯವಾಗಿ ಏಳ್ಬುಟ್ ಬಾ. ಅಣಕಾಡೀಯ, ಜ್ವಾಕೆ!” ಎಂದರು.

ದಾರಿಯುದ್ದಕ್ಕೂ ದುಃಖದ ಮುಖವನ್ನು ಅಭ್ಯಾಸ ಮಾಡುತ್ತ ಹೋದೆ. ಅರುಳಮ್ಮತ್ತೆ ಪೊರಕೆ ಹಿಡಿದು ಹೊರಗೆ ಬಂದರು.

“ಏನ್ಲಾ, ಮೋರೆ ಇಂಗದೆ? ಯಾರುನ್ ಅಣಕಿಸ್ತಿದ್ದೀಯ?”

“ಅತ್ತೆ, ಈ ಸಲ ಮಾತೇನ ಮುಂದ್ಲ ಮನೆಗೆ...”

“ಯಾಕೆ? ಸಾವಿನ ಮನೆ ಅವಳ್ಗೆ ಒಸ್ದಾ? ಸತ್ತ್ ಮಗನ್ನೇ ಮಡ್ಲಲ್ಲಿ ಆಕಂಡ್ ಕೂತವಳು. ನನ್ ಸಂಕ್ಟ ಅವಳ್ಗಲ್ದೆ ಇನ್ಯಾರ್ಗೆ ತಿಳೀತದ್ಲಾ?” ಪೊರಕೆಯಿಂದಲೇ ಹುಳುಮನೆ ತೋರಿಸಿದರು. “ಉಳ ಇದ್ದಿದ್ರೆ ನಿಮ್ಗೆಲ್ಲಾ ಜಾಗ ಎಲ್ಲಿತ್ತು? ಈಗ ಊರೇ ಕೂರ್ಬೋದು. ಓಗು, ಚಾಪೆ ತಕಂಡ್ ಬಾ.”

ರೋಗ ಕಳೆಯಲೆಂದು ಗಂಧಕದ ಹೊಗೆ ಹಾಕಿ, ಸುಣ್ಣ ಬಳಿದಿದ್ದ, ಯಾರೂ ಕಾಲಿಡದ ಆ ಮನೆಗೆ ಅಂದು ಇಡೀ ಊರು ನುಗ್ಗಿತು. ಹುಳುವಿನ ಖಾಲಿ ತಟ್ಟೆಯೊಂದನ್ನು ಬೋರಲು ಹಾಕಿ ಅದರ ಮೇಲೆ ಸ್ವರೂಪ ಇಟ್ಟಿದ್ದರು. ಅರುಳಮ್ಮತ್ತೆ ಹಾಡು ಎತ್ತಿದರು. ಎರಡನೆಯ ಸಾಲಿಗೆ ಅವರ ಕಣ್ಣು ಗೋಡೆಗೆ ಒರಗಿಸಿದ ಉಳಿದ ತಟ್ಟೆಗಳ ಮೇಲೆ ಬಿತ್ತು. ದನಿ ನಿಂತಿತು. ತುಟಿ ಆಡುತ್ತಿದೆ, ಸದ್ದಿಲ್ಲ. ಉಪದೇಶಿ ಕೆಮ್ಮಿದರು, ಹೆಂಗಸರು ಸೆರಗು ಕಚ್ಚಿದರು.

ನಾನು ಯೋಚಿಸಿ ಮಾಡಿದೆನೆಂದು ತಿಳಿಯಬೇಡಿ, ಯೋಚನೆ ನನ್ನ ಕಸುಬಲ್ಲ. ನಿಂತ ಸಾಲನ್ನು ಅವರದೇ ದನಿಯಲ್ಲಿ ಎತ್ತಿಕೊಂಡುಬಿಟ್ಟೆ, ಅದೇ ಮೂಗು, ಅದೇ ಎಗರು. ಉಪದೇಶಿ ನನ್ನತ್ತ ನೋಡಿದ ನೋಟಕ್ಕೆ ಮೇಣದಬತ್ತಿ ಹೊತ್ತಿಕೊಳ್ಳಬೇಕಿತ್ತು. ಆದರೆ ಈ ಸಲ ಯಾರೂ ನಗಲಿಲ್ಲ. ಒಂದು ಸಾಲು, ಇನ್ನೊಂದು ಸಾಲು. ಮೂರನೆಯದಕ್ಕೆ ಅರುಳಮ್ಮತ್ತೆಯ ಭುಜ ಕುಲುಕಿತು. ಅಳುತ್ತಿದ್ದಾರೆಂದುಕೊಂಡೆ. ನಗುತ್ತಿದ್ದರು! ಅಳುವೂ ಇತ್ತು, ಸುಳ್ಳೇಕೆ? ಕಣ್ಣೊರೆಸಿಕೊಂಡು ನನಗಿಂತ ಎತ್ತರಕ್ಕೆ ದನಿ ತೆಗೆದರು. ಆ ದಿನ ಆ ಹಾಡನ್ನು ನಾವು ಒಂದೇ ಗಂಟಲಿನಲ್ಲಿ ಇಬ್ಬರು ಹಾಡಿದೆವು. ಮುಂದಿನ ವಾರ ಅವರು ಹುಳುವಿನ ಹೊಸ ಮೊಟ್ಟೆ ತಂದರು, ನನ್ನನ್ನು ಮತ್ತೆ ಬಾಗಿಲಾಚೆ ನಿಲ್ಲಿಸಿದರು.

ಅವ್ವ ಈಗ ಎದ್ದು ಕೂರುತ್ತಾಳೆ. ಅರುಳಮ್ಮತ್ತೆ ಮೊನ್ನೆ ಬಸ್ಸಿನಲ್ಲಿ ಗಂಜಿ ತಂದಿದ್ದರು. ಅವರನ್ನು ಜಗುಲಿಗೆ ಕರೆದು, ಬೆಂಚಿನ ಕಥೆ ಹೇಳಿ, ಒಳಗೆ ಕುಟುಕುತ್ತಿದ್ದುದನ್ನು ಕೇಳಿಯೇಬಿಟ್ಟೆ: “ಅತ್ತೆ, ಅಂತಾ ಒತ್ತಲ್ಲೂ ನಂದು ಅಂತ ಒಂದ್ ಮಾತ್ ಬರ್ಲಿಲ್ಲ. ನಿಮ್ಮುನ್ನೇ ಅಣಕಿಸ್ದೆ. ಇದು ದೇವ್ರಿಗೆ ಸಲ್ತದಾ?”

ಅವರು ಗಂಜಿಯ ಪಾತ್ರೆಯ ಮುಚ್ಚಳ ಬಿಗಿ ಮಾಡುತ್ತ ಹೇಳಿದರು:

“ನಾನೇನ್ ಉಟ್ತಾನೇ ಕಲ್ತಿದ್ನಾ? ನಮ್ಮತ್ತೆ ಜಪ ಮಾಡೋದ್ನ ಅಡುಗೆಮನೇಲಿ ಅಣಕಿಸ್ಕಂಡ್ ನಗ್ತಿದ್ದೆ. ಅವ್ರು ತೀರ್ಕಂಡ್ ಮ್ಯಾಲೆ ನೋಡ್ತೀನಿ, ಆ ದನಿ ನನ್ ಬಾಯಲ್ಲೇ ಕೂತದೆ. ನೀನೂ ಬುಡ್ಬ್ಯಾಡ, ಅಣಕಿಸ್ತಾನೇ ಇರು ಕಣ್ಲಾ.”