ಕೆಡವಿಸಿಕೊಳ್ಳಲೆಂದೇ ಕಟ್ಟುವ ಗುಡಿಸಲು

೧೯೪೩ರ ಬೇಸಿಗೆ. ಪಶ್ಚಿಮ ಟೆಕ್ಸಾಸ್‌ನ ಬಯಲಲ್ಲಿ ಇನ್ನೂ ನಸುಕು. ಹೋರೇಸ್ ಬೀಸ್ಲಿ ಆಗಲೇ ಬಾಯಲ್ಲಿ ಮೊಳೆ ಕಚ್ಚಿಕೊಂಡು ಹಲಗೆ ಬಡಿಯುತ್ತಿದ್ದಾರೆ. ಬಾಗಿಲಿಲ್ಲ, ಕಿಟಕಿಯಿಲ್ಲ, ನಾಲ್ಕೂ ಕಡೆ ಇಳಿಜಾರಾದ ಮೊನಚು ಗುಡಿಸಲು. ಅದಕ್ಕೂ ಸುಣ್ಣ, ಸುತ್ತಲಿನ ದೊಡ್ಡ ವೃತ್ತಗಳಿಗೂ ಸುಣ್ಣ. ಬೆಳಕು ಹರಿದರೆ ವಾಯುಪಡೆಯ ಶಾಲೆಯ ಹುಡುಗರು ವಿಮಾನದಲ್ಲಿ ಬಂದು ಇದರ ಮೇಲೆ ಮರಳಿನ ಜೊತೆ ಹೊಗೆ ಏಳುವಷ್ಟೇ ಮದ್ದು ತುಂಬಿದ ಬಾಂಬು ಬಿಡುತ್ತಾರೆ. ಗುಡಿಸಲಿಗೇ ತಾಗಿದರೆ ಆ ದಿನ ಹಬ್ಬ.

"ಬೇರೆ ಬಡಗಿಗಳು ಕಟ್ಟಿದ್ದು ಬಿದ್ರೆ ಬೈಸ್ಕೋತಾರೆ. ನಂದು ಬೀಳದಿದ್ರೆ ನಂಗೆ ಊಟ ಸೇರಲ್ಲ," ಎನ್ನುತ್ತಾರೆ ಮೊಳೆ ಉಗುಳಿ.

ಯುದ್ಧಕ್ಕೆ ಮುಂಚೆ ಹೋರೇಸ್ ದನದ ಹುಲ್ಲುಗಾವಲುಗಳಲ್ಲಿ ಗಾಳಿಯಂತ್ರ ರಿಪೇರಿ ಮಾಡುತ್ತಿದ್ದರು. ಮೇಲಿಂದ ಬಿದ್ದು ಸೊಂಟ ಹೋಯಿತು. ಸೇನೆಗೆ ಸೇರಲು ಹೋದರೆ ವಯಸ್ಸು ಕೇಳಿ ನಕ್ಕು ಕಳಿಸಿದರು. ಬಾಂಬು ಹಾಕಲು ಕಲಿಸುವ ಈ ಶಾಲೆ ಶುರುವಾದಾಗ ಸುತ್ತಿಗೆ ಹಿಡಿದು ಬಂದೇಬಿಟ್ಟರು. ಧೂಳುಗಾಳಿ ಎದ್ದರೆ ಬಳಿದ ಸುಣ್ಣವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತೆ. ಮತ್ತೆ ಮೊದಲಿಂದ ಬಳಿಯಬೇಕು.

ಇವತ್ತು ಮಾತ್ರ ಅವರು ಹೊಡೆದ ಮೊಳೆಯನ್ನೇ ಮತ್ತೆ ಹೊಡೆಯುತ್ತಿದ್ದಾರೆ. ಕಾರಣ ಎಮೆಟ್ ಲಾಸನ್, ಅಯೋವಾದ ಮೆಕ್ಕೆಜೋಳದ ಹೊಲದಿಂದ ಬಂದ ಕೆಡೆಟ್. ಹೋದ ವಾರ ಅವನ ಬಾಂಬು ಬಿದ್ದದ್ದು ಬಯಲಿನ ಅಂಚಿನಲ್ಲಿರುವ ಹೋರೇಸ್ ಮನೆಯ ಕೋಳಿಗೂಡಿನ ಮೇಲೆ! ಕೋಳಿಗಳು ಹೊರಗೆ ಮೇಯುತ್ತಿದ್ದವು, ಬದುಕಿಕೊಂಡವು. ಎಮೆಟ್‌ನನ್ನು ಮನೆಗೆ ಕಳಿಸುವುದೆಂದು ತೀರ್ಮಾನವಾಯಿತು. ಆದರೆ ಆ ಗೂಡನ್ನು ಕೈಗೆ ಅಭ್ಯಾಸವಾದ ಅದೇ ಮೊನಚು ಆಕಾರದಲ್ಲಿ ಕಟ್ಟಿದವರು ಯಾರು? ಉಳಿದ ಸುಣ್ಣ ದಂಡವಾಗಬಾರದೆಂದು ಅದಕ್ಕೂ ಬಳಿದವರು ಯಾರು?

"ಹುಡುಗ ಗುರಿ ಸರಿಯಾಗೇ ಇಟ್ಟಿದಾನೆ ಸಾಹೇಬ್ರೇ. ನಾನೇ ಗುರೀನ ಹಿತ್ತಲಿಗೆ ತಂದಿಟ್ಕೊಂಡಿದ್ದೆ," ಎಂದು ಹೋರೇಸ್ ಶಾಲೆಯ ಕ್ಯಾಪ್ಟನ್ ಎದುರು ನಿಂತರು. ಕ್ಯಾಪ್ಟನ್ ಹೊಟ್ಟೆ ಹಿಡಿದು ನಕ್ಕು, ಇನ್ನೊಂದೇ ಅವಕಾಶ ಕೊಟ್ಟರು. ಅದು ಇವತ್ತು.

ಟ್ರಕ್ಕು ದೂರ ಒಯ್ದು ನಿಲ್ಲಿಸಿ, ಹೋರೇಸ್ ಆಕಾಶ ನೋಡುತ್ತಾರೆ. ಹೆಂಡತಿ ನೆಟ್ಟಿ ಕಾಫಿ ತಂದಿದ್ದಾರೆ. ವಿಮಾನ ಬರುತ್ತದೆ. ಮೊದಲ ಬಾಂಬು ಹೊರಗಿನ ವೃತ್ತದಲ್ಲಿ ಹೊಗೆ ಎಬ್ಬಿಸುತ್ತದೆ. ಎರಡನೆಯದೂ ಅಲ್ಲೇ.

"ಪಾಪ, ಇವನಿಗೆ ನನ್ನ ಕೋಳಿಗೂಡೇ ವಾಸಿಯಿತ್ತು," ಎಂದು ನೆಟ್ಟಿ ನಿಟ್ಟುಸಿರು ಬಿಡುತ್ತಾರೆ.

"ಬಾಯ್ಮುಚ್ಚೇ ಮಾರಾಯ್ತಿ!"

ಮೂರನೆಯದು ಬೀಳುತ್ತದೆ. ಫಟಾರ್! ಹಲಗೆಗಳು ದಿಕ್ಕಾಪಾಲು. ಹೋರೇಸ್ ಸೊಂಟ ಮರೆತು ಕುಣಿಯುತ್ತಾರೆ, ನೆಟ್ಟಿ ಚೆಲ್ಲಿದ ಕಾಫಿ ಮರೆತು ಅವರನ್ನು ತಬ್ಬಿಕೊಳ್ಳುತ್ತಾರೆ.

ಗುಡಿಸಲು ಕೆಡವಿದವನಿಗೆ ಅದರದೇ ಒಂದು ಹಲಗೆ ಕೊಡುವುದು ಹೋರೇಸ್ ಹಾಕಿಕೊಂಡ ರೂಢಿ. ಹುಡುಗರು ಅದನ್ನು ಮನೆಗೆ ಕಳಿಸಿ ಗೋಡೆಗೆ ತೂಗುಹಾಕಿಸುತ್ತಾರೆ. ಸಂಜೆ ಎಮೆಟ್ ತನ್ನ ಹಲಗೆ ಹಿಡಿದು ಸೀದಾ ಹಿತ್ತಲಿಗೆ ನಡೆಯುತ್ತಾನೆ. "ಇದರ ಜಾಗ ಇಲ್ಲೇ ಅಮ್ಮಾ," ಎಂದು ಮುರಿದ ಗೂಡಿಗೆ ಬಾಗಿಲು ಮಾಡಿ ಜಡಿಯುತ್ತಾನೆ. ಕೋಳಿಗಳು ಒಂದೊಂದಾಗಿ ಒಳಗೆ ಹೋಗುತ್ತವೆ.

ನಿಮಗೇನಾಸೆ ಎಂದು ಎಮೆಟ್ ಕೇಳಿದರೆ ಹೋರೇಸ್ ಆ ಬಾಗಿಲನ್ನು ಒಮ್ಮೆ ತೆರೆದು ಮುಚ್ಚಿ ನೋಡುತ್ತಾರೆ.

"ಯುದ್ಧ ಮುಗೀಲಿ, ಈ ಹುಡುಗ್ರೆಲ್ಲ ವಾಪಸ್ ಬರ್ಲಿ. ಆಮೇಲೆ ಒಂದೇ ಒಂದು ಮನೆ ಕಟ್ತೀನಿ. ಯಾರೂ ಬೀಳಿಸಬಾರದು, ಅಂಥದ್ದು."

"ಕಟ್ಟು ಮಹಾರಾಯ," ಎನ್ನುತ್ತಾರೆ ನೆಟ್ಟಿ. "ಸುಣ್ಣ ಮಾತ್ರ ಬಳೀಬೇಡ."