ಕ್ಯಾಮೆರಾ ಅಂಗಡಿಯವರು ಹೊತ್ತುಕೊಂಡ ತಪ್ಪು

ಈ ಬೆಳಿಗ್ಗೆ ಕ್ಯಾಮೆರಾ ಚೀಲವನ್ನು ಬಿಸಿಲಿಗೆ ಹಾಕಲೆಂದು ಕೊಡವಿದಾಗ, ತೇವ ಹೀರುವ ಪುಟ್ಟ ಪೊಟ್ಟಣಗಳ ಜೊತೆಗೆ ನಾಲ್ಕಾಗಿ ಮಡಚಿದ ಚೀಟಿಯೊಂದು ಉದುರಿತು. ಅಕ್ಷರ ನನ್ನದೇ. ಅದನ್ನು ಓದಿದ ಮೇಲೆ, ಹೊಸೂರಿನ ಬಸ್ ನಿಲ್ದಾಣದ ಎದುರು ಕ್ಯಾಮೆರಾ ಅಂಗಡಿ ಇಟ್ಟಿದ್ದವರ ನೆನಪು ನನ್ನನ್ನು ಕೂರಗೊಡಲಿಲ್ಲ...

ನಮ್ಮ ಶಾಲೆಯ ಆಟೋಟದ ಚಿತ್ರಗಳನ್ನು, ನಿವೃತ್ತನಾದ ಮೇಲೂ, ನಾನೇ ತೆಗೆಯುತ್ತಿದ್ದೆ. ಕೈ ನಡುಗತೊಡಗಿದ ವರ್ಷ ಅವು ಮಸುಕಾದವು. ಹೊಸ ಮುಖ್ಯೋಪಾಧ್ಯಾಯರು ಎಲ್ಲರೆದುರು ಕೆಂಪು ಪ್ಲಾಸ್ಟಿಕ್ ಕುರ್ಚಿ ತೋರಿಸಿ, “ನೀವು ಇಲ್ಲಿ ಕೂತ್ಕೊಳಿ ಸಾರ್, ಯಾರಾದ್ರೂ ಮೊಬೈಲ್‌ನಾಗೆ ತೆಗೀತಾರೆ” ಎಂದರು. ಆ ಕುರ್ಚಿಯ ಎಡಗಾಲು ಸೀಳಿತ್ತೆಂಬುದೂ ನನಗೆ ನೆನಪಿದೆ. ಮುಂದಿನ ವರ್ಷ ಮೈದಾನದ ಅಂಚಿನಲ್ಲಿ ಕ್ಯಾಮೆರಾ ಹಿಡಿದೇ ನಿಲ್ಲಬೇಕೆಂದು ನಿಶ್ಚಯಿಸಿ ಆ ಅಂಗಡಿಗೆ ಹೋದೆ.

ದೂರದ್ದನ್ನು ಹತ್ತಿರ ತರುವ ಜೂಮ್ ಲೆನ್ಸ್‌ಗಳಲ್ಲಿ ಅತಿ ದೊಡ್ಡದನ್ನೇ ಕೇಳಿದೆ. ಅವರು ಅದನ್ನು ಕೈಗಿತ್ತು, ರಸ್ತೆಯಾಚೆ ನಿಂತಿದ್ದ, ಬೇರಿಕೆ ಊರಿಗೆ ಹೋಗುವ ಬಸ್ಸಿನ ಬೋರ್ಡನ್ನು ತೆಗೆಯಲು ಹೇಳಿದರು. ಅಕ್ಷರಗಳು ಕದಡಿದ್ದವು. ಅನಂತರ, ಅಲುಗಾಟ ತಡೆಯುವ ಸ್ಟೆಬಿಲೈಸರ್ ಇದ್ದ ಹಗುರವಾದ ಲೆನ್ಸ್ ಕೊಟ್ಟರು. ಬೋರ್ಡಿನ ಬಣ್ಣದ ಬಿರುಕೂ ಕಂಡಿತು. ನನ್ನ ಕೈಯ ಕುರಿತು ಒಂದು ಮಾತೂ ಆಡಲಿಲ್ಲ.

“ದೊಡ್ಡದು ಬಲು ಭಾರ ಮೇಷ್ಟ್ರೇ, ಯಾರ್ ಹಿಡಿದ್ರೂ ಅಲ್ಲಾಡ್ತದೆ. ಬುಟ್ಬುಡಿ ಅದನ್ನ” ಎಂದರಷ್ಟೆ. ಹೆಚ್ಚು ಬೆಲೆಯದನ್ನು ಮಾರುವ ಅವಕಾಶವನ್ನು ಹೀಗೆ ಬಿಟ್ಟುಕೊಟ್ಟ ವ್ಯಾಪಾರಿಯನ್ನು ನಾನು ಬೇರೆಲ್ಲೂ ಕಂಡಿಲ್ಲ. ಜೊತೆಗೆ ಎಚ್ಚರಿಸಿದರು: “ಇದು ನಿಮ್ ಕಡೆ ಅಲುಗಾಟ ತಡೀತದೆ, ಓಡೋ ಮಕ್ಳನ್ನ ನಿಲ್ಸಾಕಿಲ್ಲ. ಅದಕ್ಕೆ ಶಟರ್ ವೇಗ ಜಾಸ್ತಿ ಮಾಡ್ಕೊಳಿ.” ಇನ್ನೂ ಏನೇನೋ ಹೇಳಿದರು. ನಾನು ಬರೆದುಕೊಂಡು, ಆ ಹಗುರವಾದ ಲೆನ್ಸನ್ನೇ ಕೊಂಡೆ...

ಆಟೋಟಕ್ಕೆ ವಾರವಿರುವಾಗ, ಒಂದು ಸಂಜೆ, ಮೂರುಕಾಲಿನ ಸ್ಟ್ಯಾಂಡಿನ ಮೇಲೆ ಕ್ಯಾಮೆರಾ ಇಟ್ಟು, ಟೈಮರ್ ಹಾಕಿ, ಶಾಲೆಯ ಧ್ವಜಸ್ತಂಭವನ್ನು ತೆಗೆದು ನೋಡಿದೆ. ಎಲ್ಲವೂ ಮಸುಕು! ಕೈಯೇ ತಾಗದ ಕ್ಯಾಮೆರಾ ಹೇಗೆ ಅಲುಗಿತು? ಮರುದಿನ, ಮೂಕಂಡಪಲ್ಲಿಯ ಕಾರ್ಖಾನೆಗಳ ಕೆಲಸಗಾರರು ಗುರುತಿನ ಚೀಟಿಯ ಫೋಟೋಗೆಂದು ಸಾಲುಗಟ್ಟಿದ್ದ ಹೊತ್ತಿನಲ್ಲಿ ಅಂಗಡಿಗೆ ನುಗ್ಗಿ, ಅಷ್ಟು ಜನರೆದುರು ಅವರನ್ನು ವಂಚಕರೆಂದು ಕರೆದೆ.

ಅವರು ಲೆನ್ಸಿನ ಪಕ್ಕದ ಗುಂಡಿಯನ್ನು ಸರಿಸಿ, ತಮ್ಮ ಸ್ಟ್ಯಾಂಡಿನ ಮೇಲಿಟ್ಟು ತೆಗೆದು ತೋರಿಸಿದರು. ಚಿತ್ರ ಸ್ಫುಟವಾಗಿತ್ತು.

“ಸ್ಟ್ಯಾಂಡ್ ಮೇಲೆ ಸ್ಟೆಬಿಲೈಸರ್ ಆಫ್ ಮಾಡ್ಬೇಕು ಮೇಷ್ಟ್ರೇ. ಕ್ಯಾಮೆರಾ ಸುಮ್ಕಿದ್ರೂ ಇದು ಅಲುಗಾಟ ಹುಡುಕ್ಕೊಂಡು ತಾನೇ ಅಲ್ಲಾಡ್ತದೆ. ನಿಮ್ಗೆ ಹೇಳೋದ್ ಮರ್ತ್‌ಬುಟ್ಟೆ, ತಪ್ಪು ನಂದೇ.”

ಸಾಲಿನಲ್ಲಿದ್ದವರೊಬ್ಬರು ನಕ್ಕರು, ನನ್ನನ್ನಲ್ಲ, ಅಂಗಡಿಯವರನ್ನು ನೋಡಿ. “ಇನ್ನು ಮುಂದಾದರೂ ಸರಿಯಾಗಿ ಹೇಳಿ” ಎಂದು ಗದರಿ ಹೊರಬಂದೆ.

ಆ ವರ್ಷ ಲೆನ್ಸನ್ನು ಕೈಯಲ್ಲೇ ಹಿಡಿದು ಓಟದ ಚಿತ್ರಗಳನ್ನು ತೆಗೆದೆ. ಓಡುವ ಹುಡುಗಿಯರ ಅಂಗಾಲಿನ ಮಣ್ಣು ಕೂಡ ಮೂಡಿತ್ತು. ಮುಖ್ಯೋಪಾಧ್ಯಾಯರು ಎರಡು ಪ್ರತಿ ಕೇಳಿ ಪಡೆದರು. ಅಂಗಡಿಯವರಿಗೆ ಒಂದನ್ನಾದರೂ ಒಯ್ದು ತೋರಿಸಬೇಕೆಂದು ನನಗೆ ತೋಚಲಿಲ್ಲ...

ಚೀಟಿಯಲ್ಲಿದ್ದದ್ದು ಇದು: ‘ಸ್ಟ್ಯಾಂಡಿನ ಮೇಲೆ ಸ್ಟೆಬಿಲೈಸರ್ ಆಫ್ ಮಾಡಬೇಕು.’ ಕೆಳಗೆ ಎರಡು ಗೆರೆ. ಅವರು ಹೇಳಿದ್ದರು. ನಾನು ಬರೆದುಕೊಂಡದ್ದನ್ನು ಕಣ್ಣಾರೆ ಕಂಡೂ ಇದ್ದರು.

ಅವರು ತೀರಿಕೊಂಡು ಎರಡು ವರ್ಷವಾಯಿತು. ಆದರೂ ಇಂದು ಸಂಜೆ ಅಲ್ಲಿಗೆ ಹೋದೆ. ಆ ಜಾಗದಲ್ಲೀಗ ಮೊಬೈಲ್ ಕವರ್‌ಗಳು ತೂಗುತ್ತಿವೆ. “ಎನ್ನ ವೇಣುಂ ಸಾರ್?” ಏನು ಬೇಕೆಂದು ಒಳಗಿನಾಕೆ ತಮಿಳಿನಲ್ಲಿ ಕೇಳಿದರು. ಏನೂ ಬೇಡವೆಂದೆ. ಚೀಟಿಯನ್ನು ಮತ್ತೆ ನಾಲ್ಕಾಗಿ ಮಡಚಿ ಜೇಬಿಗಿಟ್ಟುಕೊಂಡೆ.